ಅಕ್ಕನ ಹುಳುಮನೆಯಲ್ಲಿ ಆಕಾಶನೌಕೆ

ಮಡಕಶಿರದ ಹತ್ತಿರ ನಮ್ಮಕ್ಕನ ರೇಷ್ಮೆ ಹುಳುಮನೆ ಇದೆ. ಅವಳ ಮಗಳು ಸಿನಿಮಾ ಕಾಲೇಜಿನ ಕೊನೆಯ ವರ್ಷದ ಕಿರುಚಿತ್ರವನ್ನು ಅದರ ಪಡಸಾಲೆಯಲ್ಲೇ ತೆಗೆಯುತ್ತೇನೆ ಎಂದಾಗ ನನಗೆ ಮೊದಲು ಹೊಳೆದದ್ದು ಕರೆಂಟ್ ಶಾಕು. ಆಮೇಲೆ ಬೆಂಕಿ. ಕತೆ ಏನೆಂದು ಕೇಳಿದ್ದು ಮೂರನೆಯದಾಗಿ.

ಮೂವರು ಗಗನಯಾತ್ರಿಗಳು ಯಾವುದೋ ಗ್ರಹದಲ್ಲಿ ಜೀವ ಹುಡುಕುತ್ತಾರಂತೆ. ಇಬ್ಬರು ಅವಳ ಸಹಪಾಠಿಗಳು. ಮೂರನೆಯವನು ಹುಳು ಕಂಡದ್ದೇ ಹಿಂದೂಪುರದ ಬಸ್ಸು ಹತ್ತಿದ. ಅವನ ಬೆಳ್ಳಿ ಬಣ್ಣದ ಪೋಷಾಕು ನನ್ನ ಹೊಟ್ಟೆಯ ಮೇಲೆ ಬಿಗಿಯಿತು.

ಚಂದ್ರಿಕೆಗಳೇ ನೌಕೆ. ಹುಳು ಗೂಡು ಕಟ್ಟಲೆಂದು ಬಿದಿರಿನ ದಬ್ಬೆಯನ್ನು ಸುರುಳಿ ಸುತ್ತಿ ಮಾಡಿದ ತಟ್ಟಿಗಳವು. ಹಿಂದೆ ಕೆಂಪು ಬಲ್ಬು ಹಚ್ಚಿದರೆ ಇನ್ನೇನು ಹಾರಿತು ಅನ್ನಿಸುತ್ತಿತ್ತು. ನಾನು ವೈರು ನೋಡುತ್ತಿದ್ದೆ.

ಕೊನೆಯ ದೃಶ್ಯವೊಂದು ಉಳಿದಿತ್ತು. ಮರುದಿನ ಕ್ಯಾಮೆರಾ ಕಾಲೇಜಿಗೆ ವಾಪಸ್ಸು. ಅಂದು ಮುಗಿಯದಿದ್ದರೆ ಹುಡುಗಿಗೆ ಚಿತ್ರವೂ ಇಲ್ಲ, ಕೋರ್ಸೂ ಇಲ್ಲ. ಆಗಲೇ ಒಳಗಿನಿಂದ ಅಕ್ಕ ಕೂಗಿದಳು:

"ಹುಳ ಹಣ್ಣಾಗವೆ! ಚಂದ್ರಿಕೆ ತರ್ರೋ!"

"ಅಮ್ಮಾ, ಒಂದೇ ಒಂದ್ ಗಂಟೆ..."

"ಗಂಟೆನಾ? ಅಷ್ಟೊತ್ತಿಗೆ ಸಿಕ್ಕಿದ್ ಕಡೆ ನೂಲು ಬಿಟ್ಟಿರ್ತವೆ. ನಿನ್ ನೌಕೆ ನಾಳೆ ಹಾರ್ಲಿ ಕಣೇ. ಏ ತಮ್ಮಾ, ಆಕಾಶದಾಗೆ ತಿರುಗಿದ್ದು ಸಾಕು, ಕೈ ತೊಳ್ಕಂಡ್ ಬಾರೋ!"

ನೌಕೆ ಚಂದ್ರಿಕೆಗಳಾಗಿ ಬಿಚ್ಚಿಕೊಂಡು ಒಳಗೆ ಹೋಯಿತು. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟಾಗ ಮನೆಯಲ್ಲಿದ್ದವರೆಲ್ಲ ಆರಿಸಲು ಕೂರಬೇಕು, ನೆಂಟರಾದರೂ ಸರಿಯೇ. ಪೋಷಾಕು ಕಳಚಲು ಪುರುಸೊತ್ತಿರಲಿಲ್ಲ. ನನ್ನ ಜಿಪ್ಪಂತೂ ಬರುವ ಹಾಗೇ ಇರಲಿಲ್ಲ. ಮೂವರೂ ಕುಕ್ಕರುಗಾಲಲ್ಲಿ ಕೂತು, ಗಾಜಿನಂತೆ ತಿಳಿಯಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡತೊಡಗಿದೆವು.

"ಮೆಲ್ಲಕೆ ಹಿಡಿಯೋ, ಕಡ್ಲೆಕಾಯಿ ಬಿಡಿಸ್ತಿದೀಯಾ?"

ಕಾಲಡಿ ಒಂದಾದರೂ ಸಿಕ್ಕೀತೆಂಬ ಭಯದಲ್ಲಿ ನಾನು ಪಾದ ಕದಲಿಸದೆ ಕೂತಿದ್ದೆ. ಅಳುವಂತಿದ್ದ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತ, ಮೆಲ್ಲಗೆ ಕ್ಯಾಮೆರಾ ಎತ್ತಿದ್ದು ಗೊತ್ತೇ ಆಗಲಿಲ್ಲ.

ಅದೇ ಕೊನೆಯ ದೃಶ್ಯವಾಯಿತು: ಜೀವ ಹುಡುಕಿಕೊಂಡು ಬಂದವರು, ಒಬ್ಬ ಹೆಂಗಸಿನ ಕೈಲಿ ಬೈಸಿಕೊಳ್ಳುತ್ತ, ಸಿಕ್ಕ ಜೀವವನ್ನು ಜೋಪಾನ ಮಾಡುವುದು. ಕಾಲೇಜಿನಲ್ಲಿ ಅದನ್ನು ನೋಡಿದ ನಿರ್ದೇಶಕರೊಬ್ಬರು ಅವಳನ್ನು ಸಹಾಯಕಿಯಾಗಿ ಕರೆದುಕೊಂಡರು. ನಾಲ್ಕಾರು ವರ್ಷ ಕಳೆದು, ಈಗ ಅವಳದೇ ಮೊದಲ ದೊಡ್ಡ ಚಿತ್ರ, ರಾಯದುರ್ಗದ ಬೆಟ್ಟದ ಬುಡದಲ್ಲಿ ಶುರುವಾಗಲಿದೆ. ಮೊನ್ನೆ ಫೋನು ಮಾಡಿದ್ದಳು.

"ಮಾವ, ನಿಂಗೊಂದು ಪಾತ್ರ ಐತೆ. ಎಲ್ಲದ್ಕೂ ಹೆದ್ರೋ ಮನುಷ್ಯ. ನಟನೆ ಏನೂ ಬ್ಯಾಡ, ಸುಮ್ನೆ ಬಾ."

ಒಪ್ಪಿಕೊಂಡೆ. ವೈರಿಂಗ್ ಯಾರದ್ದು ಅಂತ ಮಾತ್ರ ಕೇಳಿದೆ.