ಥರ್ಮಾಕೋಲಿನ ಕೆಳಗಿದ್ದ ಬಣ್ಣ

ಕಿಶಿನೌ ನಗರದ ಸೋವಿಯತ್ ಕಾಲದ ವಸತಿ ಬಡಾವಣೆಗಳನ್ನು ಕೆಡವದೆ, ಅವುಗಳ ಚಹರೆಯನ್ನೂ ಕೆಡಿಸದೆ, ಚಳಿಗಾಲದಲ್ಲಿ ಬೆಚ್ಚಗಿರುವಂತೆ ಮಾಡಿದ ವಾಸ್ತುಶಿಲ್ಪಿಗಳಲ್ಲಿ ಶ್ರೀಮತಿ ಅಗ್ಲಾಯಾ ಬೆಜೆನಾರು ಅವರ ಹೆಸರು ಮೊದಲು ಬರುತ್ತದೆ. ಅವರನ್ನು ಹೊಗಳುವುದು ಸುಲಭವಲ್ಲ. ಯಾರಾದರೂ ಶುರುಮಾಡಿದರೆ ಕನ್ನಡಕ ಒರೆಸಿಕೊಂಡು ನಕಾಶೆಯ ಕಡೆ ತಿರುಗಿಬಿಡುತ್ತಾರೆ. ಆದ್ದರಿಂದ ಅವರ ನಿವೃತ್ತಿಯ ಈ ಗೌರವ ಸಂಪುಟದಲ್ಲಿ ಅವರ ಒಂದು ತಪ್ಪಿನ ಕಥೆಯನ್ನೇ ಹೇಳುವುದು ವಾಸಿ.

೧೯೮೪ರಲ್ಲಿ ಅವರು ನಗರದ ವಿನ್ಯಾಸ ಕಚೇರಿಗೆ ನಕಾಶೆ ಬರೆಯುವವರಾಗಿ ಸೇರಿದರು. ಹದಿನೈದು ವರ್ಷಗಳ ನಂತರ, ಬಿಸಿನೀರಿನ ಕೊಳವೆಗಳು ವಾರಗಟ್ಟಲೆ ತಣ್ಣಗಿರುತ್ತಿದ್ದ ಒಂದು ಚಳಿಗಾಲದಲ್ಲಿ, ಕ್ರೇನ್ ಚಾಲಕ ನಿಕಿಫೋರ್, ಅಷ್ಟರಲ್ಲಿ ವಾಸ್ತುಶಿಲ್ಪಿಯಾಗಿದ್ದ ಅಗ್ಲಾಯಾ ಅವರ ಮೇಜಿನ ಮುಂದೆ ಬಂದು ನಿಂತ. ಹಾಸಿಗೆ ಹಿಡಿದಿದ್ದ ಹೆಂಡತಿಗಾಗಿ, ನಾಲ್ಕನೆಯ ಮಹಡಿಯ ತನ್ನ ಮನೆಯ ಹೊರಗೋಡೆಗೆ ಮಾತ್ರ ಥರ್ಮಾಕೋಲ್ ಹಲಗೆ ಅಂಟಿಸಿಕೊಳ್ಳಲು ಅನುಮತಿ ಕೇಳಿದ. ಅಗ್ಲಾಯಾ ಸಹಿ ಹಾಕಿದರು. ಐದು ಮಹಡಿಯ ಬೂದು ಗೋಡೆಯ ಮೇಲೆ ಹಸಿರು ಬಳಿದ ತೇಪೆಯೊಂದು ಕಾಣಿಸಿಕೊಂಡಿತು. ನಿಕಿಫೋರನ ಹೆಂಡತಿ ಇನ್ನೂ ನಾಲ್ಕು ಚಳಿಗಾಲ ಬದುಕಿದಳು.

೨೦೧೫ರಲ್ಲಿ ಇಡೀ ಕಟ್ಟಡಕ್ಕೆ ಶಾಖ ಉಳಿಸುವ ಹೊದಿಕೆ ಹಾಕುವ ಯೋಜನೆ ಬಂತು. ಅನುಮತಿ ಪಡೆದೇ ಅಂಟಿಸಿದ್ದು ಎಂದು ನಿಕಿಫೋರ್ ಒಬ್ಬ ಒಪ್ಪಲಿಲ್ಲ. ತೇಪೆಯನ್ನು ಕೀಳದೆ ಕೆಲಸ ಹಿಡಿಯುವಂತಿರಲಿಲ್ಲ. ಆ ವಾರ ಒಪ್ಪಿಗೆ ಸಿಗದಿದ್ದರೆ ಕಟ್ಟಡ ಪಟ್ಟಿಯಿಂದ ಹೊರಬಿದ್ದು, ಅರವತ್ತು ಸಂಸಾರಗಳು ಮತ್ತೆ ಚಳಿಯಲ್ಲಿ ನಡುಗಬೇಕಾಗಿತ್ತು. ಅಷ್ಟರಲ್ಲಿ ಆ ಹಳೆಯ ಅನುಮತಿಯ ಕಡತ, ಕೊಳವೆ ಒಡೆದು ನೆನೆದ ಕಪಾಟಿನೊಂದಿಗೆ ಎಂದೋ ಹೋಗಿತ್ತು. ಅನುಮತಿಯೇ ಇರಲಿಲ್ಲ ಎಂದುಬಿಡಿ, ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥರಾಗುವವರು ನೀವು, ಹಳೆಯದನ್ನೇಕೆ ಕೆದಕುತ್ತೀರಿ ಎಂದು ಮೇಲಧಿಕಾರಿ ಸಲಹೆ ಕೊಟ್ಟರು. ಅಗ್ಲಾಯಾ ಆ ಕಟ್ಟಡದ ನಿವಾಸಿಗಳ ಸಭೆಗೆ ಹೊರಟರು.

ಸಭೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಸೇರಿತ್ತು. ಮೂರನೆಯ ಮಹಡಿಯ ಹರಿತೀನಾ, ಟ್ರಾಲಿಬಸ್ ಕಂಡಕ್ಟರಾಗಿ ನಿವೃತ್ತಳಾದವಳು, ಮೊದಲು ಬಾಯಿ ತೆರೆದಳು.

"ನಿನ್ನ ಗೋಡೆ ಸ್ವೆಟರ್ ಹಾಕ್ಕೊಂಡು ಕೂತಿದೆ ನಿಕಿಫೋರಣ್ಣ, ಅದರ ಬೆವರೆಲ್ಲ ನನ್ನ ಹಾಸಿಗೆ ಮೇಲೆ."

ಜನ ನಕ್ಕರು. ನಿಕಿಫೋರ್ ಅಗ್ಲಾಯಾ ಅವರ ಕಡೆ ತಿರುಗಿದ.

"ಹಾಕ್ಕೋ ಅಂದೋರು ನೀವೇ ಮೇಡಂ. ಈಗ ಅನುಮತೀನೇ ಇರಲಿಲ್ಲ ಅಂತಿದಾರೆ ಕಚೇರಿಯೋರು. ಎಲ್ಲರ ಮುಂದೆ ಹೇಳಿ, ನಾನು ಕಳ್ಳನಾ?"

"ಅಲ್ಲ. ಸಹಿ ಹಾಕಿದ್ದು ನಾನು. ಮೇಲಿನ ಅಂಚಿಂದ ಮಳೆನೀರು ಒಳಗಿಳಿಯುತ್ತೆ ಅಂತ ನನಗೆ ಹೊಳೀಬೇಕಿತ್ತು, ಹೊಳೀಲಿಲ್ಲ. ಹರಿತೀನಕ್ಕನ ಗೋಡೆ ಹಾಳಾಗಿದ್ದು ನನ್ನಿಂದ."

"ಬರೆದು ಕೊಡ್ತೀರಾ?" ನಿಕಿಫೋರ್ ಕೇಳಿದ.

ಅವರು ಸಭೆಯ ಪುಸ್ತಕದಲ್ಲಿ ಹಾಗೆಯೇ ಬರೆದು ರುಜು ಹಾಕಿದರು. ಆ ಸಾಲಿನ ಕೆಳಗೆ ನಿಕಿಫೋರ್ ತನ್ನ ಒಪ್ಪಿಗೆಯ ರುಜು ಹಾಕಿದ. ಮುಖ್ಯಸ್ಥರ ಕುರ್ಚಿ ಬೇರೆಯವರ ಪಾಲಾಯಿತು. ಕಚೇರಿಗೆ ಕೆಲಸ ಕಲಿಯಲು ಬಂದು ಈ ವಿಷಯ ಎತ್ತಿದ ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದುದು ಇಷ್ಟೇ: ಆ ಕುರ್ಚಿ ಇದ್ದ ಕೋಣೆಗೆ ಕಿಟಕಿ ಇರಲಿಲ್ಲ.

ಏಪ್ರಿಲ್‌ನಲ್ಲಿ ತೇಪೆ ಕಿತ್ತಾಗ, ಮೇಲಂಚಿನಿಂದ ಹೊರಟು ಹರಿತೀನಾಳ ಗೋಡೆಯವರೆಗೆ ಇಳಿದ ಕಪ್ಪು ಗೆರೆ ಎಲ್ಲರ ಕಣ್ಣಿಗೆ ಬಿತ್ತು. ನಿಕಿಫೋರ್ ಬಹಳ ಹೊತ್ತು ನೋಡಿದ. ಮರುದಿನ ಗಾರೆ, ಕರಣೆ ಹಿಡಿದು ಅವಳ ಬಾಗಿಲು ತಟ್ಟಿದ. ಅಗ್ಲಾಯಾ ನೋಡಿದ್ದು ಬೇರೆಯದನ್ನು. ಅಂಟಿನ ಗುಡ್ಡೆಗಳ ನಡುವೆ ನೀರು ತಾಗದ ಕಡೆ, ಕಾರ್ಖಾನೆಯಲ್ಲೇ ಕಾಂಕ್ರೀಟಿಗೆ ಬೆರೆಸಿದ್ದ ಮೂಲ ಬಣ್ಣ ಹಾಗೆಯೇ ಉಳಿದಿತ್ತು: ಬೆಂದ ಮೆಕ್ಕೆಜೋಳದ ಹಿಟ್ಟಿನ ತಿಳಿಹಳದಿ. ಉಳಿದ ಗೋಡೆಯೆಲ್ಲ ಮಸಿ ಹಿಡಿದು ಬೂದಾಗಿತ್ತು. ಕಚೇರಿಯ ನಕಾಶೆಗಳು ಕಪ್ಪುಬಿಳುಪು, ಮೂಲ ಬಣ್ಣದ ದಾಖಲೆ ಎಲ್ಲೂ ಇರಲಿಲ್ಲ. ಹೊಸ ಹೊದಿಕೆಗೆ ಒಂದು ಮೆಟ್ಟಿಲಿನ ಮನೆಗಳವರು ಕಿತ್ತಳೆ, ಇನ್ನೊಂದರವರು ನೀಲಿ ಬೇಕೆಂದು ಜಗಳವಾಡುತ್ತಿದ್ದ ದಿನಗಳವು. ಅಗ್ಲಾಯಾ ಬಣ್ಣದ ಕಾರ್ಖಾನೆಯವನನ್ನು ಕರೆಸಿ ಆ ಗೋಡೆಯ ಮುಂದೆ ನಿಲ್ಲಿಸಿ, ಇದೇ ಬೇಕು ಎಂದರು. ಇಂದು ಬಡಾವಣೆಯ ಇಪ್ಪತ್ಮೂರು ಕಟ್ಟಡಗಳು ದಪ್ಪ ಹೊದಿಕೆ ಹೊದ್ದು ಅದೇ ಬಣ್ಣದಲ್ಲಿ ನಿಂತಿವೆ. ಒಂದೇ ಕೈ ಕಟ್ಟಿದ್ದೆಂದು ನೋಡಿದ ತಕ್ಷಣ ತಿಳಿಯುತ್ತದೆ.

ಈ ಸಂಪುಟಕ್ಕೆ ಎರಡು ಮಾತು ಕೇಳಲು ಹೋದಾಗ ನಿಕಿಫೋರ್ ಬಾಲ್ಕನಿಯಲ್ಲಿ ದ್ರಾಕ್ಷಿ ಬಿಡಿಸುತ್ತಿದ್ದ. "ಅಂಥ ತಪ್ಪು ಇನ್ನೊಂದೆರಡು ಮಾಡಿದ್ರೆ ಊರೇ ಚೆಂದ ಆಗ್ತಿತ್ತು ಅಂತ ಬರ್ಕೊಳ್ಳಿ. ಬೇಡ, ಹೊಡೆದುಹಾಕಿ. ಒಪ್ಪಿಕೊಂಡ್ರು ಅಂತ ಬರೀರಿ, ಸಾಕು."

ಬಡಾವಣೆಯಲ್ಲಿ ಇನ್ನೂ ಹದಿನೆಂಟು ಕಟ್ಟಡಗಳು ಬೂದಾಗಿಯೇ ಉಳಿದಿವೆ. ಅಗ್ಲಾಯಾ ಅವರಿಗೆ ಗಟ್ಟಿ ಆರೋಗ್ಯವಿರಲಿ. ನಿವೃತ್ತಿಯಾದರೂ ಆ ಹದಿನೆಂಟರ ಸಭೆಗಳಲ್ಲೂ ಅವರ ರುಜು ಬೀಳಲಿ, ಅದರ ಕೆಳಗೆ ಜನರದೂ ಬೀಳಲಿ.