ತುಳಿಯದೆ ಬಿಟ್ಟ ಹಿಟ್ಟಿನ ವೃತ್ತ

ಓಡಿದವರೆಲ್ಲ ಕಾಡಿನಿಂದ ಹೊರಗೆ ಬಂದು ಬಾರ್ಲಿ ಟೀ ಕುಡಿದು ಮುಗಿಸಿದ್ದರು. ಹಿಂದೆ ನಡೆದು ಬರುತ್ತಿದ್ದ ನನ್ನ ಗಂಡ ಮತ್ತು ಒಂಬತ್ತು ವರ್ಷದ ಮಗಳು ಸಿರಿ ಮಾತ್ರ ಬಂದಿರಲಿಲ್ಲ.

ಹತ್ತು ನಿಮಿಷದಲ್ಲಿ ಬರುತ್ತಾರೆ ಅಂದುಕೊಂಡೆ... ನಲವತ್ತಾಯಿತು. ಫೋನ್ ಸಿಗುತ್ತಿಲ್ಲ.

ಜಪಾನಿನಲ್ಲೇ ನಾವು ಮೊದಲಿದ್ದ ಫುನಾಬೊರಿಯಿಂದ ಓಕಿನಾವಾ ದ್ವೀಪಕ್ಕೆ ನಮ್ಮವರ ಪ್ರಾಜೆಕ್ಟಿಗಾಗಿ ಬಂದು ಎರಡು ತಿಂಗಳು. ಯಾರ ಪರಿಚಯವೂ ಇಲ್ಲ, ಮನೆಯಲ್ಲಿ ಕೂತು ತಲೆ ಕೆಡುತ್ತಿದೆ ಅಂತ ನಾನೇ ಹಠ ಮಾಡಿ ಭಾನುವಾರ ಮಧ್ಯಾಹ್ನ ಕಾಡುದಾರಿಯಲ್ಲಿ ಓಡುವ ಈ ಟ್ರೇಲ್ ರನ್ನಿಂಗ್ ಗ್ರೂಪಿಗೆ ಮೂವರನ್ನೂ ಸೇರಿಸಿದ್ದೆ.

ಓಡುವವರು ಓಡಬಹುದು, ಆಗದವರು ನಡೆಯಬಹುದು. ಅವತ್ತು ನಡೆಯುವವರು ಇವರಿಬ್ಬರೇ. ನಮ್ಮವರಿಗೆ ಮಂಡಿ ನೋವು.

ಗ್ರೂಪಿನ ಹಿರಿಯರು ಹಿಗಾ ಸಾನ್, ಅಂದರೆ ಹಿಗಾ ಅವರು. ಬೆಳಿಗ್ಗೆಯೇ ಕಾಡಿಗೆ ಹೋಗಿ ದಾರಿಯುದ್ದಕ್ಕೂ ಮೈದಾ ಹಿಟ್ಟಿನ ಗುರುತು ಹಾಕಿರುತ್ತಾರೆ. ದಾರಿ ಕವಲೊಡೆಯುವಲ್ಲಿ ಒಂದು ವೃತ್ತ. ಸರಿಯಾದ ದಾರಿಯನ್ನು ಮೊದಲು ಹುಡುಕಿದವರು ವಾಪಸ್ ಬಂದು, ವೃತ್ತವನ್ನು ಆ ದಿಕ್ಕಿಗೆ ಶೂನಿಂದ ಒರೆಸಿ ಹೋಗಬೇಕು. ಅದನ್ನು ನೋಡಿಕೊಂಡೇ ಹಿಂದಿನವರು ಬರುತ್ತಾರೆ.

ಅವತ್ತು ಕೊನೆಯ ಕವಲಿನಲ್ಲಿ ದಾರಿ ಹುಡುಕಿದ್ದು ನಾನು. ಜಂಬವೋ ಜಂಬ. ನಾನು ಕೂಗಿದ್ದೇ ಉಳಿದ ಓಡುವವರೆಲ್ಲ ಆ ದಾರಿ ಹಿಡಿದರು. ವಾಪಸ್ ಬಂದು ಕಾಲೆತ್ತಿದೆ...

ಆಗಲಿಲ್ಲ. ದುಂಡಗೆ, ಬೆಳ್ಳಗೆ, ಥೇಟ್ ಬಾಗಿಲ ಮುಂದಿನ ರಂಗೋಲಿ. ಸಾಲದ್ದಕ್ಕೆ ತಿನ್ನುವ ಹಿಟ್ಟು. ಚಿಕ್ಕಂದಿನಿಂದ ದಾಟಿಕೊಂಡು ಹೋಗಿ ಅಭ್ಯಾಸವಾದ ಕಾಲು ತುಳಿಯಲು ಒಪ್ಪಲೇ ಇಲ್ಲ.

ಪಕ್ಕದಲ್ಲಿ ಒಂದು ಒಣ ಕಡ್ಡಿಯನ್ನು ದಾರಿಯ ಕಡೆಗೆ ತಿರುಗಿಸಿಟ್ಟು ಓಡಿಬಿಟ್ಟೆ. ಅಷ್ಟು ಸಾಕು ಅನ್ನಿಸಿತ್ತು.

ಈಗ ಆ ಕಡ್ಡಿ ನೆನಪಾಗಿ ಥಟ್ಟನೆ ಎದ್ದು ನಿಂತೆ.

ಹಿಗಾ ಸಾನ್ ಟಾರ್ಚ್ ಮತ್ತು ಉದ್ದನೆಯ ಕೋಲು ತೆಗೆದುಕೊಂಡು ಹೊರಟರು. ಹಿಂದೆಯೇ ನಾನು. ಕೋಲು ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಇಲ್ಲಿನ ಹಾಬು ಹಾವು ಭಾರೀ ವಿಷದ್ದು, ಕತ್ತಲಾದರೆ ಹೊರಗೆ ಬರುತ್ತದೆ ಎಂದು ಮೊದಲ ದಿನವೇ ಹೇಳಿದ್ದರು.

ಐದೂವರೆಗೇ ಮರಗಳ ಕೆಳಗೆ ಕತ್ತಲು. ಪ್ರತಿ ಬೇರೂ ಹಾವಾಗಿ ಕಾಣುತ್ತಿದೆ. ದೇವರ ಹೆಸರೂ ನೆಟ್ಟಗೆ ಬರುತ್ತಿಲ್ಲ.

ಕವಲಿಗೆ ಬಂದೆವು. ವೃತ್ತ ಹಾಗೇ ಇದೆ. ನಾನಿಟ್ಟ ಕಡ್ಡಿ ಯಾವುದೆಂದು ನನಗೇ ಗೊತ್ತಾಗಲಿಲ್ಲ, ಸುತ್ತ ಅಂಥವೇ ನೂರು ಬಿದ್ದಿದ್ದವು.

ಯಾರು ಒರೆಸಲಿಲ್ಲ ಎಂದು ಹಿಗಾ ಸಾನ್ ಈಗ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಇನ್ನೊಂದು ದಾರಿ ಹೊಳೆಯ ಅಂಚಿನಲ್ಲಿ ಮುಗಿಯುತ್ತದೆ ಎಂದಷ್ಟೇ ಹೇಳಿ ಬೇಗ ಬೇಗ ನಡೆದರು.

"ಸಿರೀ" ಎಂದು ಕೂಗಿದೆ. ಕಪ್ಪೆಗಳ ಸದ್ದು. ಮತ್ತೆ ಕೂಗಿದೆ, ಏನೂ ಇಲ್ಲ... ಆಗ ಏನೇನು ಯೋಚನೆ ಬಂತು ಎಂದು ಇಲ್ಲಿ ಬರೆಯಲಾರೆ.

ಆಮೇಲೆ ಕೆಳಗಿನಿಂದ ಸಣ್ಣ ದನಿ. "ಅಮ್ಮಾ, ಕೊಕೊ... ಇಲ್ಲಿದೀವಿ." ಗಾಬರಿಯಲ್ಲಿ ಅವಳಿಗೆ ಶಾಲೆಯ ಜಪಾನೀಸೇ ಮೊದಲು ಬಾಯಿಗೆ ಬಂದಿತ್ತು.

ನಮ್ಮವರು ಜಾರಿ ಬಿದ್ದು ಪಾದ ಊದಿಕೊಂಡಿತ್ತು. ಸಿರಿ ಅಪ್ಪನ ಶರ್ಟ್ ಹಿಡಿದುಕೊಂಡು ಕಲ್ಲಿನ ಮೇಲೆ ಮುದುಡಿ ಕೂತಿದ್ದಳು.

"ಏನಾಗಿಲ್ಲ ಕಣೇ, ಉಳುಕಿದೆ ಅಷ್ಟೆ. ವೃತ್ತ ಯಾರೂ ಒರೆಸಿರ್ಲಿಲ್ಲ, ಗೆಸ್ ಮಾಡ್ಕೊಂಡು ಈ ಕಡೆ ಬಂದ್ವಿ" ಎಂದರು. ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ.

ಹಿಗಾ ಸಾನ್ ನಮ್ಮ ಮುಂದೆ ಸೊಂಟ ಬಗ್ಗಿಸಿ ನಿಂತರು. ತಪ್ಪು ದಾರಿ ಎಂದು ತೋರಿಸಲು ಇದಕ್ಕೆ ಅಡ್ಡಗೆರೆ ಹಾಕಬೇಕಿತ್ತು, ಹಾಕಲಿಲ್ಲ, ತಪ್ಪು ನನ್ನದು, ಸುಮಿಮಾಸೆನ್, ಕ್ಷಮಿಸಿ ಎಂದರು. ಎಪ್ಪತ್ತು ದಾಟಿದ ಮನುಷ್ಯ, ಸಿರಿಗೂ ತಲೆ ಬಾಗಿಸಿದರು.

ನಾನು ಬಾಯಿ ಬಿಡಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು, "ಪಾಪ ಕಣೇ, ಎಷ್ಟು ನೊಂದ್ಕೊಂಡ್ರು ಅವರು" ಎಂದರು. ಆಗಲೂ ಬಿಡಲಿಲ್ಲ. ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟೆ.

ಇವತ್ತು ಗ್ರೂಪಿನಲ್ಲಿ ಹಿಗಾ ಸಾನ್ ಮೆಸೇಜ್ ಬಂದಿದೆ. ಇಷ್ಟು ವರ್ಷ ದಾರಿ ಹಾಕಿದೆ, ನನ್ನಿಂದ ಒಂದು ಮಗು ಅಪಾಯಕ್ಕೆ ಸಿಕ್ಕಿತು, ಇನ್ನು ಈ ಕೆಲಸ ಬೇರೆಯವರು ನೋಡಿಕೊಳ್ಳಲಿ ಅಂತ.

ಓದಿದಾಗಿನಿಂದ ಕಾಡಿನಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾಗುತ್ತಿದೆ. ಧೈರ್ಯ ಸಾಲದೆ ಮೊದಲು ಇಲ್ಲಿ ಬರೆದೆ, ನನ್ನ ಗಂಡನಿಗೂ ಇದನ್ನು ಓದಿಯೇ ಗೊತ್ತಾಗಬೇಕು.

ನಾಳೆ ಬೆಳಿಗ್ಗೆ ಹಿಗಾ ಸಾನ್ ಮನೆಗೆ ಹೋಗುತ್ತೇನೆ... ಅವರು ಬಾಗಿಲು ತೆರೆದು ಮತ್ತೆ ನನಗೇ ತಲೆ ಬಾಗಿಸಿದರೆ, ಹೇಳಿ, ನಾನು ಏನಂತ ಶುರು ಮಾಡಲಿ?