ಮೂವತ್ತೇಳನೆಯ ಎಲೆ

ನನ್ನ ಫೋನಿನಲ್ಲಿ ಇನ್ನೂ ಒಂದು ಆ್ಯಪು ಇದೆ. ತೆರೆದರೆ ಒಂದು ಗಿಡ, ಗಿಡದ ತುಂಬ ಒಣಗಿದ ಎಲೆ. ಅದನ್ನು ಅಳಿಸಿ ಹಾಕಬೇಕೆಂದು ಎಷ್ಟೋ ಸಲ ಬೆರಳಿಟ್ಟು ತೆಗೆದಿದ್ದೇನೆ. ಆ ಗಿಡದ ಮೂವತ್ತೇಳನೆಯ ಎಲೆಯ ಕೆಳಗೆ ನಮ್ಮ ಆಯಿಯ ದನಿ ಇದೆ. ಆಯಿ ಅಂದರೆ ನಮ್ಮವ್ವನ ತಾಯಿ. ಆ ದನಿ ಬೇರೆ ಎಲ್ಲೂ ಇಲ್ಲ. ಎಲ್ಲೂ ಇಲ್ಲದ ಹಾಗೆ ಮಾಡಿದವಳು ನಾನೇ.

ಮಾಡಿದ್ದರಲ್ಲಿ ಒಂದು ಚೂರೂ ತಪ್ಪಿರಬಾರದು ಎಂಬ ಹಟ ನನಗೆ ಮಗ್ಗದ ಮನೆಯಿಂದ ಬಂತು. ಗಜೇಂದ್ರಗಡದಲ್ಲಿ ನಮ್ಮದು ಒಂದೇ ಖೋಲಿಯ ಮನೆ. ಅರ್ಧ ಮಗ್ಗಕ್ಕೆ, ಅರ್ಧ ನಮಗೆ. ಒಂದು ಎಳೆ ತಪ್ಪಿದ್ದು ಕಣ್ಣಿಗೆ ಬಿದ್ದರೆ ಅವ್ವ ನೇಯ್ದಿದ್ದನ್ನು ಅಲ್ಲಿಯವರೆಗೂ ಬಿಚ್ಚುತ್ತಿದ್ದಳು. ಬಿಚ್ಚದೆ ಕೊಟ್ಟರೆ ಸಾವುಕಾರರು ಸೀರೆಯನ್ನು ಬೆಳಕಿಗೆ ಹಿಡಿದು, "ಇದು ಡ್ಯಾಮೇಜ್" ಎಂದು ಬದಿಗಿಡುತ್ತಿದ್ದರು. ನಾನು ಮಗ್ಗದ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದೆ. ಒಂದು ಅಂಕಿ ಸೊಟ್ಟಗಾದರೆ ಇಡೀ ಹಾಳೆ ಹರಿದು ಮೊದಲಿನಿಂದ ಶುರು. ಅವ್ವನಿಗೆ ಅದು ಹೆಮ್ಮೆ. ಬಂದವರ ಮುಂದೆ, "ನಮ್ಮ ಹುಡುಗಿ ಭಾಳ ನೀಟ್ ನೋಡ್ರಿ" ಅನ್ನುತ್ತಿದ್ದಳು. ಆದರೆ ಅವ್ವ ಬಿಚ್ಚಿದ್ದನ್ನು ಸಂಜೆಯೊಳಗೆ ಮತ್ತೆ ನೇಯ್ದು ಮುಗಿಸುತ್ತಿದ್ದಳು. ನಾನು ಅವಳಿಂದ ಬಿಚ್ಚುವುದನ್ನು ಮಾತ್ರ ಕಲಿತಿದ್ದೆ ಅನ್ನುವುದು ನನಗಾಗಲಿ ಅವಳಿಗಾಗಲಿ ಹೊಳೆಯಲೇ ಇಲ್ಲ.

ಧಾರವಾಡಕ್ಕೆ ಎಂ.ಎ. ಓದಲು ಹೋದ ಮೇಲೆ ರೋಗ ಎದ್ದು ಕಂಡಿತು. ಒಂದು ಪರೀಕ್ಷೆಯಲ್ಲಿ ಮೊದಲ ಉತ್ತರವನ್ನೇ ಮೂರು ಸಲ ಹೊಡೆದು ಹಾಕಿ ಬರೆದೆ, ಉಳಿದ ನಾಲ್ಕಕ್ಕೆ ಕೈ ಹಚ್ಚುವ ಮೊದಲೇ ಗಂಟೆ ಹೊಡೆಯಿತು. ಆ ವಿಷಯದಲ್ಲಿ ನಪಾಸಾದೆ. ಕೊನೆಯ ವರ್ಷ ಒಂದು ಕಿರುಪ್ರಬಂಧ ಬರೆದು ಏಪ್ರಿಲ್ ಮುಗಿಯುವುದರೊಳಗೆ ಕೊಡಬೇಕು. ನಾನು ಆರಿಸಿಕೊಂಡಿದ್ದು ಆಯಿಯ ಜೋಕುಮಾರನ ಹಾಡು.

ನಮ್ಮ ಕಡೆ ಭಾದ್ರಪದದಲ್ಲಿ ಮಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ಹೆಂಗಸರು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಏಳು ದಿನ ಊರೆಲ್ಲ ಮೆರೆದು ಹುಣ್ಣಿಮೆಗೆ ಅವನು ಸಾಯುತ್ತಾನೆ. ಇಟಗಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿದ್ದ ಆಯಿ, ಮದುವೆಯಾಗಿ ಬಂದಾಗಿನಿಂದ ಆ ಬುಟ್ಟಿ ಹೊತ್ತವಳು. ಜೊತೆಗೆ ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರೇ ತೀರಿಹೋಗಿದ್ದರು. ಈಗಿನವರಿಗೆ ಅವನು ಹುಟ್ಟಿದ ಪದ, ತುಂಟಾಟದ ಪದ ಬರುತ್ತಿದ್ದವು. ಅವನು ಸಾಯುವ ಪದ ಪೂರ್ತಿ ಬರುತ್ತಿದ್ದುದು ಆಯಿಗೊಬ್ಬಳಿಗೆ. "ಅದನ್ನ ಬಿಟ್ಟರ ಪ್ರಬಂಧದಾಗ ಏನೂ ಇಲ್ಲ ನೋಡವಾ" ಎಂದು ನಮ್ಮ ಗೈಡ್ ಸರ್ ಮೊದಲ ದಿನವೇ ಹೇಳಿದ್ದರು.

ಜನವರಿಯಿಂದ ಹೆಚ್ಚುಕಡಿಮೆ ಪ್ರತಿ ಶನಿವಾರ ಬಸ್ಸು ಹತ್ತಿದೆ. ಬೆಳಗ್ಗೆ ಹೊರಟರೆ ನರಗುಂದ, ಯಾವಗಲ್, ರೋಣ ದಾಟಿ, ಬಸ್ಸು ಬದಲಿಸಿ, ಇಟಗಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಆಯಿ ಉಂಡು, ಬಾಯಿ ಮುಕ್ಕಳಿಸಿ, ಗೋಡೆಗೆ ಬೆನ್ನು ಹಚ್ಚಿ ಕೂತು ಹಾಡುತ್ತಿದ್ದಳು, ನಾನು ಫೋನಿನ ರೆಕಾರ್ಡರಿನಲ್ಲಿ ತುಂಬಿಸಿಕೊಳ್ಳುತ್ತಿದ್ದೆ. ಮುಗಿದಾಗ ನೆಲ ಮುಟ್ಟಿ, ಆ ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅದು ಹಾಡು ಮುಗಿಯಿತು ಎನ್ನುವುದರ ಗುರುತು. ಆದರೆ ನಾನು ಅವಳನ್ನು ಅಲ್ಲಿಗೆ ಮುಟ್ಟಲು ಬಿಟ್ಟದ್ದೇ ಕಡಿಮೆ. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ನಿಲ್ಲಿಸು. ಆಡು ಒದರಿದರೆ ನಿಲ್ಲಿಸು. ಕುಕ್ಕರ್ ಸೀಟಿ ಹೊಡೆದರೆ ನಿಲ್ಲಿಸು. ಮತ್ತೆ ಮೊದಲಿನಿಂದ. ಹಾಳಾದ ರೆಕಾರ್ಡಿಂಗ್ ಚಲೋದರ ಜೊತೆ ಕಲಸಬಾರದೆಂದು ಅಲ್ಲೇ ಅಳಿಸಿಬಿಡುತ್ತಿದ್ದೆ.

ಒಂದು ಸಲ ರೇಗಿದೆ ಕೂಡ. "ಹ್ವಾದ ವಾರ ಬೆಣ್ಣಿ ಅಂದಿ, ಇವತ್ತ ತುಪ್ಪ ಅಂದಿ. ಯಾವದು ಖರೇ?"

"ಎರಡೂ ಖರೇ," ಅಂದಳು ಆಯಿ. "ಬೆಣ್ಣಿ ಕೊಟ್ಟ ಮನಿ ಮುಂದ ಬೆಣ್ಣಿ, ತುಪ್ಪ ಕೊಟ್ಟ ಮನಿ ಮುಂದ ತುಪ್ಪ. ಏನೂ ಕೊಡಲಾರದವರ ಮುಂದ ಅವರ ಮಕ್ಕಳ ಹೆಸರು ಹಾಕಿ ಹಾಡತೀವಿ. ನಿನ್ನ ಪುಸ್ತಕದಾಗ ಯಾವ ಮನಿ ಮುಂದ ನಿಂತೀನಿ, ಅದನ್ನ ಹೇಳು."

ಈಗ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎಂ.ಎ. ಓದಿದವಳಿಗೆ ಇಷ್ಟು ಸಣ್ಣ ಮಾತು ತಲೆಗೆ ಹೋಗಲಿಲ್ಲ. ಹಾಡಿನ ಪಾಠ ಒಂದೇ ಇರಬೇಕು, ಅದು ಸರಿ ಇರಬೇಕು, ಅಷ್ಟೇ. ಹೋದ ವಾರದ್ದು, ಆ ದಿನದ್ದು, ಎರಡೂ ರೆಕಾರ್ಡಿಂಗುಗಳನ್ನು ತಪ್ಪೆಂದು ಅಳಿಸಿದೆ.

ಫೆಬ್ರವರಿಯಲ್ಲಿ ಹಾಸ್ಟೆಲಿಗೆ ಒಬ್ಬರು ಆಪ್ತಸಲಹೆಯ ಮೇಡಂ ಬಂದರು. ನಿದ್ದೆ ಬರದವರು, ಊಟ ಬಿಟ್ಟವರು, ಬರೆದದ್ದನ್ನು ಕೊಡಲಾಗದವರು ನಾವು ಏಳೆಂಟು ಜನ ಮುಂದೆ ಕೂತೆವು. ಅವರೇ ನಮ್ಮ ಫೋನುಗಳಿಗೆ ಈ ಆ್ಯಪು ಹಾಕಿಸಿದರು. "ದಿನಾ ಒಂದು ಸಣ್ಣ ತಪ್ಪು ಬೇಕಂತಲೇ ಮಾಡಿ. ಆಕಾಶ ಬೀಳುವುದಿಲ್ಲ ಅನ್ನುವುದನ್ನು ನೀವೇ ನೋಡಿ," ಅಂದರು. ಒಳ್ಳೆಯ ಹೆಂಗಸು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆ ಏಳೆಂಟು ಜನರಲ್ಲಿ ಇಬ್ಬರು ಆ್ಯಪಿನಿಂದಲೇ ಚೇತರಿಸಿಕೊಂಡು ನಗುತ್ತ ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ್ಯಪು ದಿನಕ್ಕೊಂದು ಕೆಲಸ ಕೊಡುತ್ತಿತ್ತು. ಮಾಡಿದರೆ ಗಿಡಕ್ಕೆ ಒಂದು ಎಲೆ, ಬಿಟ್ಟರೆ ಇದ್ದ ಎಲೆಯೊಂದು ಒಣಗುವುದು. ಅಷ್ಟು ಸಾಕಾಯಿತು ನನಗೆ. ಒಂದೂ ಎಲೆ ಒಣಗಬಾರದು ಎಂದು ಹಟಕ್ಕೆ ಬಿದ್ದೆ. "ಇಂದು ತಪ್ಪಿರುವ ಒಂದು ಸಂದೇಶ ಕಳಿಸಿ, ತಿದ್ದಬೇಡಿ" ಎಂದು ಬಂದರೆ, ನಾಲ್ಕು ತಪ್ಪು ಸಂದೇಶ ಬರೆದು ಅದರಲ್ಲಿ ಚಂದದ ತಪ್ಪನ್ನು ಆರಿಸಿ ಕಳಿಸುತ್ತಿದ್ದೆ. ಖೋಲಿಯ ಗೆಳತಿ ಬಿದ್ದು ಬಿದ್ದು ನಕ್ಕಳು: "ಏ ಹುಚ್ಚಿ, ತಪ್ಪು ಮಾಡಾಕೂ ತಾಲೀಮ ಮಾಡಾಕತ್ತಿಯಲ್ಲ!" "ಒಂದು ಕೆಲಸವನ್ನು ಅರ್ಧಕ್ಕೆ ಬಿಡಿ" ಎಂದು ಬಂದ ದಿನ ನರಗುಂದ ಬಸ್ ನಿಲ್ದಾಣದಲ್ಲಿ ಚಹಾ ತರಿಸಿ, ಕಪ್ಪಿನ ಸರಿಯಾಗಿ ಅರ್ಧಕ್ಕೆ ಕುಡಿದು ಬಿಟ್ಟೆ. ಅರ್ಧವೇ ಹೌದೋ ಅಲ್ಲವೋ ಎಂದು ಬಗ್ಗಿ ನೋಡಿದ್ದೂ ನೆನಪಿದೆ. ಗಿಡ ದಟ್ಟವಾಗಿ ಬೆಳೆಯಿತು. ಪ್ರಬಂಧ ಮಾತ್ರ ತೆವಳುತ್ತಿತ್ತು.

ಮಾರ್ಚ್ ಕೊನೆಗೆ ಸಾಯುವ ಪದ ಒಂದು ಬಿಟ್ಟು ಉಳಿದ ಪದಗಳೆಲ್ಲ ಹೇಗೋ ಕಾಗದದ ಮೇಲೆ ಬಂದಿದ್ದವು; ನಾನು ಅಳಿಸದೆ ಬಿಟ್ಟ ರೆಕಾರ್ಡಿಂಗ್ ಮಾತ್ರ ಒಂದೂ ಇರಲಿಲ್ಲ. ಆ ಪದವನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಯಿ ಹಾಡುತ್ತಿರಲಿಲ್ಲ. "ಹುಣ್ಣಿವಿ ದಿನ ಬಿಟ್ಟ ಅದನ್ನ ಬಾಯಾಗ ತರಬಾರದು. ಅವ ಇನ್ನೂ ಹುಟ್ಟೇ ಇಲ್ಲ, ನಾ ಹ್ಯಾಂಗ ಸಾಯಿಸಲಿ?" ಅನ್ನುತ್ತಿದ್ದಳು. ಭಾದ್ರಪದ ಬರುವಷ್ಟರಲ್ಲಿ ನನ್ನ ವರ್ಷ ಮುಗಿದುಹೋಗಿರುತ್ತದೆ ಎಂದು ಅತ್ತೆ. ಖರೇ ಅತ್ತೆನೋ, ಅವಳನ್ನು ಒಪ್ಪಿಸಲು ಅತ್ತೆನೋ, ಈಗ ಹೇಳಲಾರೆ.

ಆಯಿ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದು ಬಾಗಿಲು ಮುಚ್ಚಿದಳು.

"ಒಂದ ಸಲ ಹಾಡತೀನಿ. ತಪ್ಪಾತು ಅಂತ ಜೋಕುಮಾರನ್ನ ನಾನ ಬೇಡಕೋತೀನಿ. ನೀ ಲಗೂನ ತುಂಬಕೋ."

ಅಂದು ಆ್ಯಪಿನ ಕೆಲಸ ಹೀಗಿತ್ತು: "ಒಂದು ದನಿಯನ್ನು ಹೇಗೆ ಬರುತ್ತದೋ ಹಾಗೆ ಇಲ್ಲೇ ದಾಖಲಿಸಿ. ಅಳಿಸಬೇಡಿ." ನಾನು ಲೆಕ್ಕ ಹಾಕಿದೆ. ಆಯಿಯ ಮೊದಲ ಸರ್ತಿ ಯಾವಾಗಲೂ ಕೆಡುತ್ತದೆ. ಕೆಟ್ಟದ್ದನ್ನು ಆ್ಯಪಿಗೆ ಕೊಟ್ಟು ಎಲೆ ತೆಗೆದುಕೊಳ್ಳೋಣ, ಚಲೋದನ್ನು ಆಮೇಲೆ ರೆಕಾರ್ಡರಿನಲ್ಲಿ ತುಂಬಿಸಿಕೊಳ್ಳೋಣ. ಒಂದು ಸಲ ಎಂದು ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು. ಒಂದು ಸಲ ಅಂದವಳು ಹತ್ತು ಸಲ ಹಾಡಿದ್ದನ್ನು ಕಂಡಿದ್ದೆನಲ್ಲ.

ಆಯಿ ಕಣ್ಣು ಮುಚ್ಚಿ ಶುರು ಮಾಡಿದಳು. ಅದು ಹಾಡಿನ ಹಾಗಿರಲಿಲ್ಲ, ಸತ್ತವರ ಮನೆಯಲ್ಲಿ ಹೇಳಿಕೊಂಡು ಅಳುವ ಹಾಗಿತ್ತು. ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ಬಂತು.

"ನಿಲ್ಲಸು ಆಯಿ. ಮತ್ತ ಮೊದಲಿಂದ."

ನಿಲ್ಲಿಸಿದಳು. ಮೂವತ್ತೇಳನೆಯ ಎಲೆ ಬಂತು. ರೆಕಾರ್ಡರ್ ಹಚ್ಚಿ ಮತ್ತೆ ಹಾಡಿಸಿದೆ. ಕೆಮ್ಮು ಬಂತು, ನಿಲ್ಲಿಸಿದೆ, ಅಳಿಸಿದೆ. ಮತ್ತೆ ಹಾಡಿಸಿದೆ. ಒಂದು ಸಾಲು ಹಿಂದುಮುಂದಾಯಿತು, ನಿಲ್ಲಿಸಿದೆ, ಅಳಿಸಿದೆ. ನಾಲ್ಕನೆಯ ಸಲಕ್ಕೆ ಆಯಿಯ ದನಿಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಒಪ್ಪಿಸುತ್ತಿದ್ದಳು. ಅದನ್ನೂ ನಿಲ್ಲಿಸಿದೆ.

"ಸಾಕ ತಂಗಿ," ಅಂದಳು. "ಅವನ್ನ ಎಷ್ಟ ಸಲ ಕೊಲ್ಲೂದು? ಮುಂದಿನ ವಾರ ಬಾ. ಪೂರಾ ಹಾಡತೀನಿ."

ಮುಂದಿನ ವಾರ ನಾನು ಹೋಗಲಿಲ್ಲ. ಬರೆದಿದ್ದ ಹದಿನೆಂಟು ಪುಟದ ಅಡಿಟಿಪ್ಪಣಿ ಸರಿಮಾಡುತ್ತ ಹಾಸ್ಟೆಲಿನಲ್ಲೇ ಕೂತೆ. ಅದರ ಮುಂದಿನ ವಾರವೂ ಅದೇ. ಅಂಚಿನ ಅಳತೆ ಒಂದು ಪುಟಕ್ಕೂ ಇನ್ನೊಂದಕ್ಕೂ ಕೂದಲಷ್ಟು ಬೇರೆ ಕಾಣುತ್ತಿತ್ತು, ಅದೊಂದು ಮುಗಿಯಲಿ ಅಂದುಕೊಂಡೆ. ಮೂರನೆಯ ವಾರ ಮಾವ ಫೋನ್ ಮಾಡಿದ. ಆಯಿಗೆ ಲಕ್ವಾ ಹೊಡೆದಿತ್ತು. ಗದಗಿನ ದವಾಖಾನಿಗೆ ಓಡಿದೆ. ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಅವ್ವ ನನ್ನನ್ನು ನೋಡಿದವಳೇ, "ಪದ ಎಲ್ಲಾ ತುಂಬಕೊಂಡಿಯಿಲ್ಲೋ?" ಅಂದಳು. ತನ್ನ ತಾಯಿ ಹಾಗೆ ಬಿದ್ದಿರುವಾಗ ಅವ್ವ ಹಿಡಿದುಕೊಂಡಿದ್ದ ಒಂದೇ ಸಮಾಧಾನ ಅದು. "ಹೂಂ" ಅಂದುಬಿಟ್ಟೆ.

ಇನ್ನೊಂದು ಮಾತು ಹೇಳಲೇಬೇಕು. ದವಾಖಾನಿಯ ಬೆಂಚಿನ ಮೇಲೆ ಕೂತು ಆ ದಿನವೂ ನಾನು ಆ್ಯಪಿನ ಕೆಲಸ ಮಾಡಿ ಎಲೆ ತೆಗೆದುಕೊಂಡೆ. "ಅಭಿನಂದನೆಗಳು, ನಿಮ್ಮ ಒಂದು ಎಲೆಯೂ ಒಣಗಿಲ್ಲ" ಎಂದು ಬಂತು. ಆಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು; ಫೋನನ್ನು ಚೀಲದ ತಳಕ್ಕೆ ತುರುಕಿದೆ. ಮರುದಿನದಿಂದ ಆ್ಯಪು ತೆರೆಯಲಿಲ್ಲ.

ಸರ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಇದ್ದಷ್ಟ ಕೊಡವಾ," ಅಂದರು ಅವರು, ಮೆಲ್ಲಗೆ. ಇದ್ದದ್ದು ಏನು ಎಂದು ಹುಡುಕುತ್ತ ಕೂತಾಗ ನೆನಪಾಯಿತು: ಆ್ಯಪಿನಲ್ಲಿ ಅಳಿಸಬೇಡಿ ಎಂದಿದ್ದ ಒಂದು ದನಿ ಇದೆ. ತೆರೆದರೆ ಅರ್ಧ ಗಿಡ ಒಣಗಿ ನಿಂತಿತ್ತು. ಮೂವತ್ತೇಳನೆಯದನ್ನು ಒತ್ತಿದೆ. ಆಯಿ ಹಾಡುತ್ತಾಳೆ. ಟ್ರ್ಯಾಕ್ಟರ್ ಬರುತ್ತದೆ. ನಾನು ನಿಲ್ಲಸು ಅನ್ನುತ್ತೇನೆ. ಅದನ್ನು ಹೊರಗೆ ತೆಗೆದು ಬೇರೆ ಕಡೆ ಇಡುವ ದಾರಿಯೂ ಆ ಆ್ಯಪಿನಲ್ಲಿ ಇಲ್ಲ.

ಮೇ ತಿಂಗಳಲ್ಲಿ ಆಯಿಯನ್ನು ಇಟಗಿಗೆ ಕರೆತಂದರು. ಅದೇ ಗೋಡೆಗೆ ದಿಂಬು ಇಟ್ಟು ಕೂರಿಸಿದ್ದರು. ನಾನು ಪಕ್ಕದಲ್ಲಿ ಕೂತು, ಅವಳಿಗೆ ಖುಷಿಯಾದೀತು ಅಂದುಕೊಂಡು, ಆ ದನಿ ಹಚ್ಚಿದೆ. ಆಯಿ ಫೋನಿನತ್ತ ನೋಡಿದಳು. ಅವಳ ತುಟಿ ಹಾಡಿನ ಜೊತೆ ಅಲುಗತೊಡಗಿತು. ಸೊಟ್ಟಗಾಗಿದ್ದ ಬಾಯಿಯ ಒಂದು ಕಡೆ ಮಾತ್ರ, ಆದರೆ ಸಾಲಿಗೆ ಸರಿಯಾಗಿ. ಟ್ರ್ಯಾಕ್ಟರಿನ ಸದ್ದು ಬಂತು. "ನಿಲ್ಲಸು ಆಯಿ" ಎಂದು ಫೋನಿನೊಳಗಿನ ನಾನು ಅಂದೆ.

ಆಯಿ ನಿಲ್ಲಿಸಿದಳು. ತುಟಿ ಬಿಗಿಹಿಡಿದು, ನನ್ನ ಮುಖ ನೋಡುತ್ತ, ಮತ್ತೆ ಮೊದಲಿನಿಂದ ಶುರು ಮಾಡಲು ಕಾದು ಕೂತಳು.

ಅಷ್ಟು ದುಃಖ ನನಗೆ ದವಾಖಾನಿಯಲ್ಲಿ ಕೂಡ ಆಗಿರಲಿಲ್ಲ. "ಹಾಡು ಆಯಿ," ಅಂದೆ. "ಹ್ಯಾಂಗ ಬರತೈತೋ ಹಂಗ ಹಾಡು. ನಾ ನಿಲ್ಲಸೂದಿಲ್ಲ." ರೆಕಾರ್ಡರ್ ಹಚ್ಚಲಿಲ್ಲ. ಆಯಿ ಹಾಡಿದಳು. ಮಾತಿರಲಿಲ್ಲ, ಗೊಗ್ಗರು ದನಿ ಮಾತ್ರ, ಏಳುತ್ತ ಇಳಿಯುತ್ತ. ಗಿರಣಿ ಶುರುವಾಯಿತು. ಆಡು ಒದರಿತು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಹಾಡಿನಲ್ಲಿ ಅಂದು ಟ್ರ್ಯಾಕ್ಟರ್ ಬಂದ ಜಾಗ ದಾಟಿ ಮುಂದೆ, ನಾನು ಎಂದೂ ಕೇಳದ ಕಡೆಗೆ ಹೋದಳು. ಬಹಳ ಹೊತ್ತು ಹಾಡಿದಳು. ಕೊನೆಗೆ ಎಡಗೈಯನ್ನು ಮೆಲ್ಲಗೆ ಎಳೆದುಕೊಂಡು ನೆಲ ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು.

ಹಾಡು ಮುಗಿದಿತ್ತು. ಅದರಲ್ಲಿ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.